ಪೀಣ್ಯದ ಫಿಟ್ಟರ್ ಒಂಟಾರಿಯೋಗೆ ಬರುವ ಮುಂಚೆ

ತಮ್ಮಾ, ಐಟಿಐ ಫಿಟ್ಟರ್ ಮುಗಿಸಿ ಪೀಣ್ಯದಲ್ಲಿ ಆರು ವರ್ಷ ಮೇಂಟೆನೆನ್ಸ್ ಮಾಡಿದ್ದೀಯ, ಕೆನಡಾದಲ್ಲಿ ಆ ಅನುಭವಕ್ಕೆ ಬೆಲೆ ಇದೆಯಾ, ಕೆಲಸ ಹೇಗಿರುತ್ತದೆ ಅಂತ ಕೇಳಿದ್ದೀಯ. ಬೆಲೆ ಖಂಡಿತ ಇದೆ. ಆದರೆ ಕಾಗದದಲ್ಲಿ ತೋರಿಸಬೇಕು. ನಾನು ಇದನ್ನು ಬಂದಮೇಲೆ ತಿಳಿದುಕೊಂಡೆ, ಎರಡು ವರ್ಷ ಸುಮ್ನೆ ಹೋಯಿತು.

ಒಂಟಾರಿಯೋದಲ್ಲಿ ನಮ್ಮ ಕೆಲಸದ ಹೆಸರು ಇಂಡಸ್ಟ್ರಿಯಲ್ ಮೆಕ್ಯಾನಿಕ್ ಮಿಲ್‌ರೈಟ್, ಟ್ರೇಡ್ ಕೋಡ್ 433ಎ. ಇಲ್ಲಿನ ಹುಡುಗರು ಅಪ್ರೆಂಟಿಸ್ ಆಗಿ 8,000 ಗಂಟೆ ತುಂಬಿಸುತ್ತಾರೆ, ಅದರಲ್ಲಿ 720 ಗಂಟೆ ಕ್ಲಾಸು. ನಿನ್ನಂಥವರು ಇಂಥ ಟ್ರೇಡ್‌ಗಳನ್ನು ನೋಡಿಕೊಳ್ಳುವ ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೋ ಅನ್ನುವ ಸಂಸ್ಥೆಗೆ ಅನುಭವದ ದಾಖಲೆ ಕೊಡಬೇಕು. ಅವರು ಒಪ್ಪಿದರೆ ನೇರ ಪರೀಕ್ಷೆಗೆ ಕೂರಬಹುದು. ನೂರಕ್ಕೆ 70 ಬಂದರೆ ಪಾಸ್, ಸರ್ಟಿಫಿಕೇಟ್ ಮೇಲೆ ರೆಡ್ ಸೀಲ್ ಅನ್ನುವ ಮುದ್ರೆ ಸಿಗುತ್ತದೆ, ಅದು ಕೆನಡಾದ ಬೇರೆ ಪ್ರಾಂತ್ಯದಲ್ಲೂ ನಡೆಯುತ್ತದೆ. ಈ ಟ್ರೇಡ್‌ಗೆ ಸರ್ಟಿಫಿಕೇಟ್ ಕಡ್ಡಾಯವಲ್ಲ. ಆದರೂ ಅದಿಲ್ಲದೆ ಒಳ್ಳೆಯ ಕಾರ್ಖಾನೆಯ ಬಾಗಿಲು ತೆರೆಯುವುದು ಕಷ್ಟ.

ಬೇರಿಂಗ್, ಗೇರ್‌ಬಾಕ್ಸ್, ಪಂಪ್ ಎಲ್ಲ ನಿನಗೆ ಗೊತ್ತಿರುವುದೇ. ಅಳತೆ ಮಾತ್ರ ಕೈ ಕೊಡುತ್ತದೆ. ಹಳೇ ಮೆಷಿನ್‌ಗಳಲ್ಲಿ ಇಂಚಿನ ಬೋಲ್ಟು, ನಿನ್ನ ಕೈ 13 ಮಿಲಿಮೀಟರ್ ಸ್ಪ್ಯಾನರ್ ಹುಡುಕುತ್ತಿರುತ್ತದೆ. ನಮ್ಮ ಕಡೆಯ ಪೈಪ್ ಥ್ರೆಡ್ ಬಿಎಸ್‌ಪಿ, ಇಲ್ಲಿನದು ಎನ್‌ಪಿಟಿ. ಅರ್ಧ ಇಂಚಿನ ಬಿಎಸ್‌ಪಿ ಫಿಟ್ಟಿಂಗ್ ಎನ್‌ಪಿಟಿಗೆ ಹತ್ತಿಕೊಂಡ ಹಾಗೇ ಅನ್ನಿಸುತ್ತದೆ. ಎರಡಕ್ಕೂ ಇಂಚಿಗೆ 14 ಥ್ರೆಡ್, ಆದರೆ ಥ್ರೆಡ್ಡಿನ ಕೋನ ಬೇರೆ. ಸೋರುತ್ತದೆ. ಕರೆಂಟು 600 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ ನಿಮಿಷಕ್ಕೆ 1,440 ಸುತ್ತು ಸುತ್ತುವ ಮೋಟಾರಿನಂಥದ್ದು ಇಲ್ಲಿ 1,750ರ ಆಸುಪಾಸು ಸುತ್ತುತ್ತದೆ.

ನಿಜವಾಗಿ ಹೊಸದಾಗಿ ಕಲಿಯಬೇಕಾದದ್ದು ಬೀಗ, ರಿಪೇರಿ ಮಾಡುವಾಗ ಮೆಷಿನ್ ಯಾರೂ ಚಾಲೂ ಮಾಡದ ಹಾಗೆ ಹಾಕುವುದು. ಪೀಣ್ಯದಲ್ಲಿ ನಾನು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮೆಷಿನ್ ಒಳಗೆ ಕೈ ಹಾಕುತ್ತಿದ್ದೆ. ಅದೇ ನಮ್ಮ ಸೇಫ್ಟಿ. ಇಲ್ಲಿ ಸೇರಿದ ದಿನವೇ ಒಂದು ಕೆಂಪು ಬೀಗ ಕೊಟ್ಟರು, ಜೊತೆಗೆ ನನ್ನ ಫೋಟೋ ಇರುವ ಟ್ಯಾಗ್. ಬೀಗಕ್ಕೆ ಒಂದೇ ಕೀ, ಅದು ನನ್ನ ಹತ್ತಿರ. ನಾಲ್ಕು ಜನ ಕೆಲಸ ಮಾಡಿದರೆ ಐಸೊಲೇಟರ್, ಅಂದರೆ ಕರೆಂಟು ಕಡಿಯುವ ಸ್ವಿಚ್ ಮೇಲೆ ನಾಲ್ಕು ಬೀಗ. ಮೊದಲ ತಿಂಗಳು ಒಂದು ಪ್ಯಾಕಿಂಗ್ ಮೆಷಿನ್‌ನ ಕರೆಂಟಿಗೆ ಬೀಗ ಹಾಕಿ, ಸ್ಟಾರ್ಟ್ ಬಟನ್ ಒತ್ತಿ ನೋಡಿ, ಒಳಗೆ ಬಗ್ಗಿದೆ. ಹಿರಿಯ ಮೆಕ್ಯಾನಿಕ್ ಭುಜ ಹಿಡಿದು ಹಿಂದಕ್ಕೆ ಎಳೆದರು. ಏರ್ ಲೈನ್ ವಾಲ್ವ್ ಮುಚ್ಚಿ ಒತ್ತಡ ಬಿಟ್ಟರು. ಬುಸ್ ಅಂತ ಸದ್ದು, ಮೇಲಿದ್ದ ಸಿಲಿಂಡರ್ ಧಡ್ ಅಂತ ಇಳಿಯಿತು. ನನ್ನ ಕೈ ಅಲ್ಲೇ ಇರುತ್ತಿತ್ತು. ಅವರು ಬೈಯಲಿಲ್ಲ, ಆ ವಾಲ್ವ್‌ಗೂ ಬೀಗ ಹಾಕು ಅಂದರು ಅಷ್ಟೇ. ಅಪಾಯ ಅನ್ನಿಸಿದ ಕೆಲಸಕ್ಕೆ ಒಲ್ಲೆ ಅನ್ನುವ ಹಕ್ಕು ಇಲ್ಲಿನ ಕಾನೂನಿನಲ್ಲೇ ಇದೆ. ಸೂಪರ್‌ವೈಸರ್ ಮುಂದೆ ಹಾಗೆ ಹೇಳಲು ನನಗೆ ವರ್ಷ ಹಿಡಿಯಿತು. ನೀನು ಬೇಗ ಕಲಿ.

ಶಿಫ್ಟು ಕೆಲವು ಕಡೆ ಹನ್ನೆರಡು ಗಂಟೆ. ವಾರಕ್ಕೆ 44 ಗಂಟೆ ದಾಟಿದರೆ, ದಾಟಿದ ಗಂಟೆಗಳಿಗೆ ಒಂದೂವರೆ ಪಟ್ಟು ಸಂಬಳ. ಚಳಿಗಾಲದಲ್ಲಿ ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುತ್ತೀಯ. ಹೆಂಡತಿ ಮಕ್ಕಳಿದ್ದರೆ ಅವರಿಗೂ ಇದನ್ನು ಈಗಲೇ ಹೇಳು.

ಈಗ ಒಂದು ಕೆಲಸ ಮಾಡು. ಹಳೇ ಮಾಲೀಕರ ಹತ್ತಿರ ಲೆಟರ್‌ಹೆಡ್ ಮೇಲೆ ಪತ್ರ ಬರೆಸಿಕೋ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ, ಎಲ್ಲ ಇರಲಿ. ಫಿಟ್ಟರ್ ಅಂತ ಒಂದೇ ಪದ ಸಾಲದು. ಅಲೈನ್‌ಮೆಂಟ್, ಹೈಡ್ರಾಲಿಕ್ಸ್, ನ್ಯೂಮ್ಯಾಟಿಕ್ಸ್, ವೆಲ್ಡಿಂಗ್, ಮಾಡಿದ್ದೆಲ್ಲ ಬಿಡಿಬಿಡಿಯಾಗಿ ಬರಲಿ. ಸಹಿ, ಫೋನ್ ನಂಬರ್ ಬೇಕು. ಸಣ್ಣ ವರ್ಕ್‌ಶಾಪ್‌ಗಳು ಮುಚ್ಚಿಹೋಗುತ್ತವೆ, ಮಾಲೀಕರು ಊರು ಬಿಡುತ್ತಾರೆ. ನನ್ನ ಮೂರು ವರ್ಷದ ಅನುಭವ ಹಾಗೇ ಲೆಕ್ಕಕ್ಕೆ ಸಿಗದೆ ಹೋಯಿತು. ಪತ್ರ ಬಂದಮೇಲೆ ನನಗೆ ಕಳಿಸು, ಏನು ಬಿಟ್ಟುಹೋಗಿದೆ ಅಂತ ಕೂತು ನೋಡೋಣ.