ತೋಳದ ಮರಿ ಮನ್ಯಾಗ ಅದಾವು, ಏನ್ ಮಾಡೋದ್ರಿ?

ಪ್ರಶ್ನೆ: ಸರ್ ನಮಸ್ಕಾರ, ನಮ್ದು ಕುಷ್ಟಗಿ ತಾಲೂಕು. ನಮ್ಮ ಹೊಲದ ಹತ್ರ ಹಳ್ಳದ ದಂಡ್ಯಾಗ ಒಂದು ಗುದ್ದಿನಾಗ ಮೂರು ಮರಿ ಇದ್ವು, ಹುಡುಗ್ರು ನಾಯಿಮರಿ ಅಂತ ಎತ್ಕೊಂಡು ಬಂದ್ರು. ಕುರಿ ಕಾಯೋ ಕಾಕಾ ನೋಡಿ ಇವು ತೋಳದ ಮರಿ ಅಂದ. ಆಕಳ ಹಾಲು ಹಾಕಿದ್ವಿ, ಒಂದಕ್ಕ ಭೇದಿ ಹತ್ತೈತಿ. ಸಾಕೋದಾ ಬಿಡೋದಾ? ಕೇಸ್ ಆಗತೈತೇನು ಅಂತ ಅಂಜಿಕಿ ಬ್ಯಾರೆ.

ಉತ್ತರ: ಮೊದ್ಲು 1926ಕ್ಕ ಫೋನ್ ಮಾಡ್ರಿ, ಅರಣ್ಯ ಇಲಾಖೆ ಸಹಾಯವಾಣಿ ಅದು. ಅವ್ರು ಬರೋತನಕ ಮರಿಗಳನ್ನ ಒಂದು ರಟ್ಟಿನ ಡಬ್ಬ್ಯಾಗ ಒಣ ಗೋಣಿಚೀಲ ಹಾಸಿ ಕತ್ತಲ ಇರೋ ಕಡೆ ಇಡ್ರಿ, ಹಾಲು ನಿಲ್ಲಿಸ್ರಿ, ಆಕಳ ಹಾಲು ಅವಕ್ಕ ಒಗ್ಗಂಗಿಲ್ಲ, ಭೇದಿ ಹತ್ತಿರೋದೂ ಅದಕ್ಕ ಇರಬೇಕು. ಊರ ನಾಯಿ ಸಮೀಪ ಬರಾಕ ಬಿಡಬ್ಯಾಡ್ರಿ, ನಾಯಿಗಳಿಂದ ಡಿಸ್ಟೆಂಪರ್ ಅನ್ನೋ ರೋಗ ತಗಲಿದ್ರ ಮರಿ ಉಳಿಯೋದು ಕಷ್ಟ. ಸೆಲ್ಫಿ, ಸ್ಟೇಟಸ್ ಅಂತೂ ಬ್ಯಾಡಾನ ಬ್ಯಾಡ, ಫೋಟೋ ನೋಡಿ ಅರ್ಧ ಊರು ಆ ಗುದ್ದಿನ ಮುಂದ ಬಂದು ನಿಂತ್ರ ತಾಯಿ ಹೆಂಗ ಬರಬೇಕ್ರಿ?

ಸಾಕೋ ಮಾತು ಬಿಟ್ಟಬಿಡ್ರಿ. ಭೇದಿ ಹತ್ತಿದ ಮರಿನ್ನ ಡಾಕ್ಟ್ರು ನೋಡ್ಲಿ, ಗಟ್ಟಿ ಇರೋವನ್ನ ಇಲಾಖೆಯವ್ರ ಜೋಡಿ ಹೋಗಿ ಅದೇ ಗುದ್ದಿನ ಹತ್ರ ಇಟ್ಟು ದೂರ ಸರದಬಿಡ್ರಿ. ಮನುಷ್ಯರ ವಾಸನಿ ಬಡದ್ರ ತಾಯಿ ಮುಟ್ಟಂಗಿಲ್ಲ ಅಂತ ಊರಾಗ ಹೇಳ್ತಾರ, ಅದನ್ನ ನಂಬಿ ಮರಿ ಇಟ್ಕೋಬ್ಯಾಡ್ರಿ. ತಾಯಿ ಬಂದ್ರ ಒಂದೊಂದನ್ನ ಬಾಯಾಗ ಕಚ್ಕೊಂಡು ಬ್ಯಾರೆ ಗುದ್ದಿಗೆ ಸಾಗಸತೈತಿ, ಮರುದಿನ ಗುದ್ದು ಖಾಲಿ ಕಂಡ್ರ ಹುಡುಕಾಕ ಹೋಗಬ್ಯಾಡ್ರಿ.

ಕೇಸಿನ ವಿಚಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತೋಳ ಮೊದಲನೇ ಪಟ್ಟಿ ಪ್ರಾಣಿ, ಕೊಲ್ಲೋದಷ್ಟ ಅಲ್ಲ, ಹಿಡಿಯೋದೂ ಬೇಟೆ ಲೆಕ್ಕದಾಗ ಬರತೈತಿ. ಕಾಡುಪ್ರಾಣಿ ಕೈಗೆ ಬಂದ್ರ 48 ತಾಸಿನೊಳಗ ತಿಳಿಸಬೇಕು ಅಂತಾನೂ ಅದ್ರಾಗ ಐತಿ. ಹಂಗಾಗಿ ಅಂಜಿ ಮುಚ್ಚಿಡಬ್ಯಾಡ್ರಿ, ಇವತ್ತ ಹೇಳ್ರಿ. ಹುಡುಗ್ರಿಗೆ ಮರಿ ಕಚ್ಚಿದ್ರ, ಪರಚಿದ್ರ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯೋ ನೀರಾಗ ತೊಳದು ಸರ್ಕಾರಿ ಆಸ್ಪತ್ರಿಗೆ ಹೋಗಿ ರೇಬೀಸ್ ಇಂಜೆಕ್ಷನ್ ಹಾಕಸ್ರಿ, ಸಣ್ಣ ಗಾಯ ಅಂತ ಬಿಡಬ್ಯಾಡ್ರಿ.

ನಿಮ್ಮ ಜಿಲ್ಲಾದಾಗ ಗಂಗಾವತಿ ತಾಲೂಕಿನ ಬಂಕಾಪುರದಾಗ ತೋಳಕ್ಕಂತನ ವನ್ಯಧಾಮ ಆಗೈತಿ, ಭಾಳ ಖುಷಿ ಸಂಗತಿ, ಆದ್ರ ತೋಳ ಅದ್ರೊಳಗಷ್ಟ ಇರಂಗಿಲ್ರಿ, ನಮ್ಮ ಹೊಲ, ಬೀಳು, ಹಳ್ಳ, ಕುರಿ ಅಡ್ಡಾಡೋ ಗುಡ್ಡ, ಇದಾ ಅವುಗಳ ಕಾಡು. ಕುರಿ ಹೋದ್ರ ಹೊಟ್ಟಿ ಉರಿಯತೈತಿ, ಖರೆ, ಅದಕ್ಕ ಇಲಾಖೆಯಿಂದ ಪರಿಹಾರ ಐತಿ, ಕಳೇಬರ ಸರಿಸದ ಫೋಟೋ ತೆಗೆದು ಅವತ್ತಾ ತಿಳಿಸ್ರಿ. ಸತ್ತ ಕುರಿಗೆ ವಿಷ ಹಾಕೋರನ್ನ ಮಾತ್ರ ಯಾರೂ ಸುಮ್ನ ಬಿಡಬಾರದು, ಅದನ್ನ ತಿಂದು ನರಿ, ನಾಯಿ, ಹದ್ದು ಎಲ್ಲಾ ಸಾಯ್ತಾವು.

ಪ್ರಶ್ನೆ: ಸಂಡೂರು ಕಡೆ ಹೊಲದ ಬಾವ್ಯಾಗ ಕರಡಿ ಬಿದ್ರ ಹಗ್ಗ ಹಾಕಿ ಎಳಿಬಹುದಾ?

ಉತ್ತರ: ಬ್ಯಾಡ್ರಿ. 1926ಕ್ಕ ತಿಳಿಸಿ ಜನಾನ್ನ ದೂರ ಸರಿಸ್ರಿ. ನೀರಿದ್ರ ಇಲಾಖೆಯವ್ರು ಅರವಳಿಕಿ ಕೊಡಾಕ ಹಿಂದ ಮುಂದ ನೋಡ್ತಾರ, ಮಂಪರಿನಾಗ ಮುಳುಗಿಬಿಡತೈತಿ. ಏಣಿ ಇಲ್ಲಾ ದಪ್ಪ ಮರದ ದಿಮ್ಮಿ ಓರೆ ಇಳಿಬಿಟ್ಟು ಎಲ್ಲಾರೂ ಸರದ್ರ ಎಷ್ಟೋ ಸಲ ತಾನ ಹತ್ತಿ ಹೋಗತೈತಿ, ಕರಡಿ ಹತ್ತೋದ್ರಾಗ ಗಟ್ಟಿ. ಬಾವಿಗೆ ಕಟ್ಟಿ ಇಲ್ಲದಿದ್ರ ಈ ಬ್ಯಾಸಿಗ್ಯಾಗ ಕಟ್ಟಸ್ರಿ.