ಹೊಸ ತಂಡಕ್ಕೆ ಬೆಸ್ಟ್ ಜನರನ್ನೇ ಆರಿಸುತ್ತಿದ್ದೇನೆ, ಇನ್ನೇನು ನೋಡಬೇಕು?

ನಾನೂ ಹೀಗೇ ಬೆಸ್ಟ್ ಜನರನ್ನೇ ಆರಿಸಿದ್ದೆ. ಆಫೀಸಿಗಲ್ಲ, ಯಕ್ಷಗಾನಕ್ಕೆ.

ನಮ್ಮೂರ ಸಂಘದ ವಾರ್ಷಿಕೋತ್ಸವ. ಒಂದೇ ಮೇಳ ಯಾಕೆ, ಬೇರೆ ಬೇರೆ ಮೇಳಗಳ ಹೆಸರಾಂತ ಕಲಾವಿದರನ್ನು ಕೂಡಿಸಿ ಕರ್ಣಾರ್ಜುನರ ಯುದ್ಧ ಆಡಿಸೋಣ ಅಂದೆ. ಕರ್ಣ, ಶಲ್ಯ, ಕೃಷ್ಣ, ಅರ್ಜುನ, ನಾಲ್ಕಕ್ಕೂ ಘಟಾನುಘಟಿಗಳು. ದುಡ್ಡೆಲ್ಲ ಅಲ್ಲೇ ಖಾಲಿ. ಉಳಿದದ್ದರಲ್ಲಿ ಭಾಗವತಿಕೆಗೆ, ಅಂದರೆ ಪದ್ಯ ಹಾಡಿ ಆಟ ನಡೆಸುವುದಕ್ಕೆ, ಒಬ್ಬ ಹುಡುಗ ಸಿಕ್ಕ. ಕಂಠ ಚೆನ್ನಾಗಿತ್ತು.

ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಅರ್ಥ, ಅಂದರೆ ಪಾತ್ರಗಳ ಮಾತು, ರಂಗದಲ್ಲೇ ಹುಟ್ಟಬೇಕು. ಯಾರ ಮಾತು ಎಲ್ಲಿಗೆ ಸಾಕು ಅಂತ ತೀರ್ಮಾನಿಸುವವರು ಭಾಗವತರು. ಅವರು ಜಾಗಟೆಗೆ ಒಂದು ಪೆಟ್ಟು ಹಾಕಿ ಮುಂದಿನ ಪದ್ಯ ಎತ್ತಿದರೆ ಎಂಥ ಕಲಾವಿದರೂ ಮಾತು ಮುಗಿಸಬೇಕು. ಈ ಹುಡುಗನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಶಲ್ಯ ಕರ್ಣನನ್ನು ಹಂಗಿಸಿದರು, ಚಪ್ಪಾಳೆ ಬಿತ್ತು. ಕರ್ಣ ಬಿಡುತ್ತಾರಾ? ಅದಕ್ಕಿಂತ ಉದ್ದದ ಉತ್ತರ. ಹುಡುಗ ಜಾಗಟೆಯ ಕೋಲು ಎತ್ತುವುದು, ಇಬ್ಬರ ಮುಖ ನೋಡುವುದು, ಇಳಿಸುವುದು. ಇಷ್ಟೇ ಹೊತ್ತಿಗೆ ಮುಗಿಸಬೇಕಾದ ಕಾಲಮಿತಿ ಆಟ ಬೇರೆ. ಜನ ಕಾದು ಕೂತಿದ್ದದ್ದು ರಥದ ಚಕ್ರ ಹೂತುಹೋಗುವ ಜಾಗಕ್ಕೆ. ಅದೇ ಗಡಿಬಿಡಿಯಲ್ಲಿ ಮುಗಿದುಹೋಯಿತು. ಕೃಷ್ಣನಿಗೆ ನಾಲ್ಕು ಮಾತೂ ಸಿಗಲಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೆಗೆಯುತ್ತಾ, "ನನ್ನನ್ನು ಯಾಕೆ ಕರೆಸಿದಿರಿ ಮಾರಾಯ್ರೆ?" ಅಂದರು.

ಕಟೀಲು ದೇವಸ್ಥಾನದ ಮೇಳದ ಹರಕೆಯಾಟ, ಭಕ್ತರು ಹರಕೆ ಹೊತ್ತು ಆಡಿಸುವ ಆಟ, ಒಮ್ಮೆ ನೋಡಿ. ದೀಪಾವಳಿ ಕಳೆದು ತಿರುಗಾಟ ಹೊರಟರೆ ಮೇ ಕೊನೆಗೆ ತಿರುಗಾಟ ಮುಗಿಯುವ ಪತ್ತನಾಜೆ ದಿನದ ತನಕ ದಿನಾ ಅದೇ ಜನ, ಅದೇ ಚೌಕಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಸುಮ್ನೆ ಆ ವೇಷ ಕಟ್ಟುತ್ತಾರೆ. ಯಾರ ಕಾಲು ಯಾವಾಗ ಏಳುತ್ತದೆ ಅಂತ ಚೆಂಡೆಯವರಿಗೆ ಗೊತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬೆಸ್ಟ್ ಯಾರು ಅನ್ನುವ ಪಟ್ಟಿ ಪಕ್ಕಕ್ಕಿಡಿ. ನಿಮ್ಮ ಅತಿ ಬುದ್ಧಿವಂತನಿಗೆ ಮೀಟಿಂಗಿನಲ್ಲಿ "ಸಾಕು, ಮುಂದಕ್ಕೆ ಹೋಗೋಣ" ಅನ್ನಬಲ್ಲವರು ಯಾರಿದ್ದಾರೆ? ಹಾಗೆ ಅಂದಾಗ ಅವನು ಮುನಿಸಿಕೊಳ್ಳದೆ ಕೂರುತ್ತಾನಾ? ಅಂಥವರನ್ನು ಮೊದಲು ಹುಡುಕಿ, ಅವರಿಗೇ ಜಾಸ್ತಿ ಕೊಡಿ. ನನ್ನ ಹಾಗೆ ಉಳಿದ ದುಡ್ಡಲ್ಲಿ ಹುಡುಕಬೇಡಿ. ಉಳಿದವರು ಸಾಧಾರಣ ಚೆನ್ನಾಗಿದ್ದರೆ ಸಾಕು, ಆದರೆ ಆರಾರು ತಿಂಗಳಿಗೆ ಬದಲಾಯಿಸುತ್ತಾ ಇರಬೇಡಿ. ರೆಸಾರ್ಟಿಗೆ ಕರೆದೊಯ್ದು ಆಟ ಆಡಿಸುವುದೆಲ್ಲ ದಂಡ. ನೀವು ಕೇಳದಿದ್ದರೂ ಹೇಳುತ್ತಿದ್ದೇನೆ.