ಅಪ್ಪ-ಅಮ್ಮನ ಜೊತೆ ಒಂದು ವಾರ ಕ್ರೀಟ್ ದ್ವೀಪ: ಏನು ನೋಡಬೇಕು, ಏನು ಬಿಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಜರ್ಮನಿಯಲ್ಲಿ ಕೆಲಸ, ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಐದು ವರ್ಷದ ಮಗಳಿದ್ದಾಳೆ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಬಿಸಿಲು, ಸಮುದ್ರ ಅಂತ ಗ್ರೀಸಿನ ಕ್ರೀಟ್ ದ್ವೀಪ ಆರಿಸಿಕೊಂಡಿದ್ದೀರಿ. ಒಂದು ವಾರಕ್ಕೆ ಹನಿಯಾ ಊರು, ಎಲಾಫೊನಿಸಿ ಮತ್ತು ಬಾಲೋಸ್ ಬೀಚ್‌ಗಳು, ಸಮರಿಯಾ ಕಮರಿ, ಕ್ನೋಸೋಸ್‌ನ ಪುರಾತನ ಅರಮನೆ, ಸ್ಪಿನಾಲೊಂಗಾ ಕೋಟೆ, ಸಾಲದ್ದಕ್ಕೆ ಸ್ಯಾಂಟೊರಿನಿ ಅನ್ನೋ ಇನ್ನೊಂದು ದ್ವೀಪಕ್ಕೂ ಒಂದು ದಿನ. ಆಗಸ್ಟ್‌ನಲ್ಲಿ ಹೋಗೋದಾ, ಸೆಪ್ಟೆಂಬರ್ ಕೊನೆಗಾ ಅಂತ ಕೇಳಿದ್ದೀರಿ.

ಸೆಪ್ಟೆಂಬರ್ ಕೊನೆ. ಮತ್ತೆ, ಆ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ.

ನಾನಿರೋದು ನೆದರ್ಲೆಂಡ್ಸ್‌ನಲ್ಲಿ. ಅತ್ತೆ-ಮಾವ ಬಂದಾಗ ಅವರನ್ನು ಕ್ರೀಟ್‌ಗೆ ಕರೆದುಕೊಂಡು ಹೋಗಿದ್ದೆವು, ಹಾಗಾಗಿ ವಯಸ್ಸಾದವರ ಜೊತೆ ಅಲ್ಲಿ ಏನು ನಡೆಯುತ್ತೆ, ಏನು ನಡೆಯಲ್ಲ ಅಂತ ಗೊತ್ತು. ದ್ವೀಪ ಅಂದ ತಕ್ಷಣ ಒಂದು ದಿನದಲ್ಲಿ ಸುತ್ತಿ ಬರಬಹುದು ಅನ್ನಿಸುತ್ತೆ. ಆದರೆ ಕ್ರೀಟ್ ಸುಮಾರು 8,300 ಚದರ ಕಿ.ಮೀ. ಇದೆ, ನಮ್ಮ ಕೊಡಗಿನ ಎರಡರಷ್ಟು. ಉದ್ದ 260 ಕಿ.ಮೀ., ಅಂದರೆ ಬೆಂಗಳೂರಿನಿಂದ ದಾವಣಗೆರೆಗೆ ಹೋದಷ್ಟು. ನಡುವೆ 2,400 ಮೀಟರ್ ದಾಟುವ ಬೆಟ್ಟಗಳಿವೆ. ಉತ್ತರದ ಕರಾವಳಿಯ ಹೆದ್ದಾರಿ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಘಾಟಿ ರಸ್ತೆ. ಮ್ಯಾಪ್‌ನಲ್ಲಿ 75 ಕಿ.ಮೀ. ಅಂತ ಕಂಡದ್ದಕ್ಕೆ ಒಂದೂವರೆ ಗಂಟೆ ಮೇಲೇ ಹಿಡಿಯುತ್ತೆ. ಹಿಂದಿನ ಸೀಟಲ್ಲಿ ಮಗು ವಾಂತಿ ಮಾಡಿಕೊಂಡರೆ ಇನ್ನೂ ಜಾಸ್ತಿ.

ಹಾಗಾಗಿ ನನ್ನ ಸಲಹೆ: ವಿಮಾನ ಹನಿಯಾಕ್ಕೆ ಇಳಿಯಲಿ, ವಾಪಸ್ ಹೆರಾಕ್ಲಿಯಾನ್‌ನಿಂದ ಹೊರಡಲಿ. ಮೊದಲ ಐದು ರಾತ್ರಿ ಹನಿಯಾ, ಕೊನೆಯ ಎರಡು ಹೆರಾಕ್ಲಿಯಾನ್. ಬಾಡಿಗೆ ಕಾರನ್ನು ಬೇರೆ ಊರಲ್ಲಿ ಬಿಟ್ಟರೆ ಸ್ವಲ್ಪ ಹೆಚ್ಚಿಗೆ ಕೇಳಬಹುದು, ಕೊಡಿ. ಈ ಎರಡು ಊರಿನ ನಡುವೆ 140 ಕಿ.ಮೀ., ಅದನ್ನು ಒಂದೇ ದಿನ ಹೋಗಿ ಬರುವ ತಾಪತ್ರಯ ತಪ್ಪುತ್ತೆ.

ಆಗಸ್ಟ್ ಯಾಕೆ ಬೇಡ ಅಂದರೆ, ಬಿಸಿಲೊಂದೇ ಕಾರಣ ಅಲ್ಲ. ಜುಲೈ-ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನೋ ಗಾಳಿ ಬೀಸುತ್ತೆ. ಜೋರಾದ ದಿನ ಮರಳು ಮುಖಕ್ಕೆ ಹೊಡೆಯುತ್ತೆ, ಅಲೆ ಎದ್ದು ನೀರಿಗೆ ಇಳಿಯಬೇಡಿ ಅಂತ ಕೆಂಪು ಬಾವುಟ ಹಾರಿಸುತ್ತಾರೆ, ದೋಣಿಗಳೂ ರದ್ದಾಗುತ್ತವೆ. ಜೊತೆಗೆ ಅರ್ಧ ಯುರೋಪ್ ಅಲ್ಲೇ ಬಂದು ಕೂತಿರುತ್ತೆ. ಸೆಪ್ಟೆಂಬರ್ ಕೊನೆಗೆ ಗಾಳಿ ತಗ್ಗಿರುತ್ತೆ, ಬೇಸಿಗೆಯೆಲ್ಲ ಕಾದ ಸಮುದ್ರ ಮಾತ್ರ ಇನ್ನೂ 25 ಡಿಗ್ರಿ ಆಸುಪಾಸಲ್ಲೇ ಇರುತ್ತೆ. ಅಕ್ಟೋಬರ್ ಮಧ್ಯ ದಾಟಿದರೆ ಮಳೆಯ ಭಯ ಶುರು. ಮಗಳು ಇನ್ನೂ ಶಾಲೆಗೆ ಸೇರಿಲ್ಲ ಅಂದಿದ್ದೀರಲ್ಲ, ಈ ವರ್ಷವೇ ಅದರ ಲಾಭ ಪಡೆದುಕೊಳ್ಳಿ.

ಹನಿಯಾದಲ್ಲಿ ಹಳೇ ಪೇಟೆಯೊಳಗೆ ರೂಮ್ ಮಾಡಬೇಡಿ. ವೆನಿಸ್‌ನವರು ಕಟ್ಟಿದ ಬಂದರು, ಕಿರಿದಾದ ಗಲ್ಲಿ, ಫೋಟೋದಲ್ಲಿ ತುಂಬಾ ಚಂದ. ಆದರೆ ಎಷ್ಟೋ ಮನೆಗಳಲ್ಲಿ ಕಡಿದಾದ ಮರದ ಮೆಟ್ಟಿಲು, ಲಿಫ್ಟ್ ಇಲ್ಲ, ಕಾರೂ ಬಾಗಿಲ ತನಕ ಹೋಗಲ್ಲ. ಪಕ್ಕದ ನೆಯಾ ಹೋರಾ ಅನ್ನೋ ಬಡಾವಣೆ ನೋಡಿ. ಅಲ್ಲೇ ಮರಳಿನ ಸಣ್ಣ ಬೀಚ್ ಇದೆ, ನೀರು ಆಳವಿಲ್ಲ, ಸಂಜೆ ನಿಧಾನಕ್ಕೆ ನಡೆದೇ ಬಂದರಿಗೆ ಹೋಗಬಹುದು. ಅಡುಗೆಮನೆ ಇರುವ ಫ್ಲ್ಯಾಟೇ ಹಿಡಿಯಿರಿ.

ಈಗ ಪಟ್ಟಿಗೆ ಬರೋಣ. ಎಲಾಫೊನಿಸಿ ಬಿಡಲೇಬೇಡಿ. ಎಲ್ಲರೂ ಗುಲಾಬಿ ಬಣ್ಣದ ಮರಳಿನ ಬಗ್ಗೆ ಹೇಳುತ್ತಾರೆ. ಅದು ನೀರಿನ ಅಂಚಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತೆ ಅಷ್ಟೇ, ಚಿಪ್ಪಿನ ಪುಡಿಯಿಂದ ಬಂದ ಬಣ್ಣ. ನಿಮಗೆ ಬೇಕಾದದ್ದು ಬೇರೆ: ದಡಕ್ಕೂ ಎದುರಿನ ಪುಟ್ಟ ದ್ವೀಪಕ್ಕೂ ನಡುವಿನ ನೀರು ಬಹುಪಾಲು ಮೊಣಕಾಲಿನ ತನಕವೇ ಇರುತ್ತೆ. ನಮ್ಮತ್ತೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಆಚೆ ದಡದ ತನಕ ಹೋಗಿಬಂದರು. ಈಜು ಬರದವರಿಗೆ ಮೆಡಿಟರೇನಿಯನ್ ಸಮುದ್ರದೊಳಗೆ ಇಷ್ಟು ಧೈರ್ಯವಾಗಿ ಓಡಾಡುವ ಜಾಗ ಸಿಗೋದು ಕಷ್ಟ. ಬೆಳಗ್ಗೆ ಹತ್ತಕ್ಕೆ ಮೊದಲು ಅಲ್ಲಿರಿ. ದಾರಿಯಲ್ಲಿ ಟೊಪೋಲಿಯಾ ಹತ್ತಿರ ಒಂದೇ ಗಾಡಿ ಹಿಡಿಸುವ ಸುರಂಗ ಬರುತ್ತೆ, ಸಿಗ್ನಲ್ ಹಾಕಿದ್ದಾರೆ, ಹಸಿರು ಬರೋ ತನಕ ಕಾಯಿರಿ. ಮರಳು ತುಂಬಿಕೊಂಡು ಬರುವ ಹಾಗಿಲ್ಲ, ಮಗಳಿಗೆ ಮೊದಲೇ ಹೇಳಿಡಿ.

ಬಾಲೋಸ್‌ಗೆ ಕಾರಲ್ಲಿ ಹೋಗಬೇಡಿ. ಕೊನೆಯ ಕಿಲೋಮೀಟರ್‌ಗಳು ಕಲ್ಲಿನ ಮಣ್ಣುರಸ್ತೆ. ಅಲ್ಲಿ ಟೈರಿಗೋ ಗಾಡಿಯ ತಳಕ್ಕೋ ಏಟು ಬಿದ್ದರೆ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಕೊಡಲ್ಲ. ಪಾರ್ಕ್ ಮಾಡಿದ ಮೇಲೆ ಮೆಟ್ಟಿಲಿಳಿದು ಹೋಗಬೇಕು, ವಾಪಸ್ ಬಿಸಿಲಲ್ಲಿ ಹತ್ತಬೇಕು. ಮಂಡಿ ನೋವಿನವರಿಗೆ ಅದು ಆಗದ ಮಾತು. ಕಿಸ್ಸಾಮೋಸ್‌ನಿಂದ ದೋಣಿ ಇದೆ, ಗಾಳಿ ಇಲ್ಲದ ದಿನ ನೋಡಿ ಹೋಗಿ. ಎಲಾಫೊನಿಸಿ ನೋಡಿ ಸುಸ್ತಾಗಿದ್ದರೆ ಬಿಟ್ಟರೂ ನಷ್ಟವಿಲ್ಲ.

ಸಮರಿಯಾ ಕಮರಿ 16 ಕಿ.ಮೀ. ಕಲ್ಲುದಾರಿ, ಇಳಿಜಾರು. ಇಳಿಯುವಾಗಲೇ ಮಂಡಿಗೆ ಹೆಚ್ಚು ಪೆಟ್ಟು ಅಲ್ವಾ? ಬೇಡವೇ ಬೇಡ. ಅದರ ಬದಲು ಬೆಟ್ಟ ದಾಟಿ ದಕ್ಷಿಣದ ಹೋರಾ ಸ್ಫಾಕಿಯೋನ್‌ಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಲೂಟ್ರೊಗೆ. ಲೂಟ್ರೊಗೆ ರಸ್ತೆಯೇ ಇಲ್ಲ, ದೋಣಿ ಅಥವಾ ಕಾಲ್ನಡಿಗೆ ಮಾತ್ರ. ಬಿಳಿ ಮನೆಗಳ ಒಂದು ಸಾಲು, ಎದುರಿಗೆ ಸಮುದ್ರ, ಹಿಂದೆ ಬೆಟ್ಟ. ಊಟ ಮಾಡಿ, ಕೂತು, ವಾಪಸ್ ಬನ್ನಿ. ನಮ್ಮ ಮಾವನಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದ ಜಾಗ ಇದೊಂದೇ, ಯಾಕಂದರೆ ಅಲ್ಲಿ ನೋಡಲೇಬೇಕಾದದ್ದು ಏನೂ ಇರಲಿಲ್ಲ.

ಸ್ಪಿನಾಲೊಂಗಾ ಬಿಡಿ. 1957ರ ತನಕ ಕುಷ್ಠರೋಗಿಗಳನ್ನು ಇರಿಸುತ್ತಿದ್ದ ಕೋಟೆ ದ್ವೀಪ ಅದು, ಇತಿಹಾಸ ದೊಡ್ಡದೇ. ಆದರೆ ಇರೋದು ದೂರದ ಪೂರ್ವ ಭಾಗದಲ್ಲಿ, ನೆರಳೂ ಕಮ್ಮಿ. ಸ್ಯಾಂಟೊರಿನಿಗೆ ಹೆರಾಕ್ಲಿಯಾನ್‌ನಿಂದ ವೇಗದ ಹಡಗಲ್ಲೇ ಹೋಗೋಕೆ ಸುಮಾರು ಎರಡು ಗಂಟೆ, ಬರೋಕೆ ಅಷ್ಟೇ. ಉಳಿದ ನಾಲ್ಕು ಗಂಟೆ ಜನರ ನಡುವೆ ನೂಕಾಡಲು ಅಷ್ಟು ದುಡ್ಡು ಯಾಕೆ, ಸುಮ್ನೆ?

ಕ್ನೋಸೋಸ್ ನೋಡಿ. ಹೆರಾಕ್ಲಿಯಾನ್ ಪೇಟೆಯಿಂದ ಐದು ಕಿ.ಮೀ. ಅಷ್ಟೇ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ನೆರಳಿಲ್ಲ. ಆರ್ಥರ್ ಇವಾನ್ಸ್ ಅನ್ನೋ ಇಂಗ್ಲಿಷ್ ಪುರಾತತ್ವಜ್ಞ 1900ರಲ್ಲಿ ಅಗೆತ ಶುರು ಮಾಡಿ, ಆಮೇಲೆ ಕಾಂಕ್ರೀಟಲ್ಲಿ ಕಂಬ, ಗೋಡೆ ಎಲ್ಲ ಮತ್ತೆ ಎಬ್ಬಿಸಿದ. ಹಾಗೆ ಮಾಡಿದ್ದು ಸರಿಯಾ ಅಂತ ಇವತ್ತಿಗೂ ಜಗಳ ಇದೆ. ಅಲ್ಲಿ ಸಿಕ್ಕ ಅಸಲಿ ಭಿತ್ತಿಚಿತ್ರಗಳು ಪೇಟೆಯ ಪುರಾತತ್ವ ಮ್ಯೂಸಿಯಂನಲ್ಲಿವೆ. ಇನ್ನೊಂದು ಅರಮನೆಯಲ್ಲಿ ಸಿಕ್ಕ, ಇನ್ನೂ ಯಾರಿಗೂ ಓದಲಾಗದ ಬರಹವಿರುವ ಫೈಸ್ಟೋಸ್ ಮಣ್ಣಿನ ತಟ್ಟೆಯೂ ಅಲ್ಲೇ ಇದೆ. ಬಿಸಿಲು ಏರಿದ ಮೇಲೆ ಒಳಗೆ ತಂಪಾಗಿ ನೋಡಬಹುದು.

ಅಪ್ಪ-ಅಮ್ಮನ ವೀಸಾ ಷೆಂಗೆನ್ (ಜರ್ಮನಿ, ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಆದ್ದರಿಂದ ಬೇರೆ ವೀಸಾ ಬೇಡ, ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ. ಅಗ್ಗ ಅಂತ ಇಸ್ತಾಂಬುಲ್ ಅಥವಾ ಲಂಡನ್ ಮೇಲೆ ಹೋಗುವ ಟಿಕೆಟ್ ಮಾಡಬೇಡಿ. ಅವೆರಡೂ ಷೆಂಗೆನ್ ಹೊರಗಿವೆ, ವೀಸಾ ಸಿಂಗಲ್ ಎಂಟ್ರಿ (ಒಂದೇ ಸಲ ಒಳಗೆ ಬರಲು) ಆಗಿದ್ದರೆ ವಾಪಸ್ ಒಳಗೆ ಬಿಡಲ್ಲ.

ಊಟದ ವಿಷಯ. ನೀವು ಹೆದರಿದಷ್ಟು ಕಷ್ಟ ಇಲ್ಲ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಉಪವಾಸದ ದಿನಗಳು ಬಹಳ. ಆ ದಿನಗಳ ಊಟಕ್ಕೆ 'ನಿಸ್ತಿಸಿಮೊ' ಅಂತಾರೆ, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತೆ! ಅದನ್ನು ಬಿಡಿಸಿ ಹೇಳಿ. ಡಾಕೋಸ್ ತರಿಸಿ: ಬಾರ್ಲಿಯ ಗಟ್ಟಿ ರಸ್ಕ್ ಮೇಲೆ ತುರಿದ ಟೊಮೆಟೊ, ಹುಳಿ ಚೀಸ್, ಆಲಿವ್ ಎಣ್ಣೆ. ಬಂದ ತಕ್ಷಣ ಕಚ್ಚಬೇಡಿ, ರಸ ಇಳಿದು ಮೆತ್ತಗಾಗಲಿ, ಇಲ್ಲದಿದ್ದರೆ ಅಪ್ಪನ ಹಲ್ಲಿಗೆ ಕಷ್ಟ. ಹೋರ್ಟಾ ಅಂದರೆ ಬೇಯಿಸಿದ ಸೊಪ್ಪು, ಎಣ್ಣೆ-ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಬೇಸಿಗೆಯಲ್ಲಿ ಸಿಗುವ ವ್ಲೀಟಾ ನಮ್ಮ ಹರಿವೆ ಜಾತಿಯದ್ದೇ. ಅತ್ತೆ ಒಂದು ತುತ್ತು ತಿಂದು 'ಒಗ್ಗರಣೆ ಮರೆತಿದ್ದಾರೆ' ಅಂದರು, ತಟ್ಟೆ ಮಾತ್ರ ಖಾಲಿ ಮಾಡಿದರು.

ಮುಖ್ಯವಾಗಿ ಅನ್ನದ ಹತ್ತಿರ ಹುಷಾರು. ಗಾಮೊಪಿಲಾಫೊ ಅಂತ ಮದುವೆ ಊಟದ ಅನ್ನ ಇದೆ, ಬೆಳ್ಳಗೆ ಮೆತ್ತಗೆ ಕಾಣುತ್ತೆ, ಆದರೆ ಬೇಯಿಸೋದು ಮಾಂಸದ ಕಟ್ಟಿನಲ್ಲಿ. ದ್ರಾಕ್ಷಿ ಎಲೆಯ ದೊಲ್ಮಾದೆಸ್‌ಗೂ ಕೆಲವು ಕಡೆ ಕೈಮಾ ಹಾಕುತ್ತಾರೆ, ಕೇಳಿಯೇ ತಿನ್ನಿ. ಹಾಲು ಹೆಪ್ಪುಗಟ್ಟಲು ಚೀಸ್‌ಗೆ ಹಾಕುವ ರೆನೆಟ್ ಕರುವಿನ ಹೊಟ್ಟೆಯದ್ದೂ ಇರಬಹುದು, ಅಷ್ಟು ಕಟ್ಟುನಿಟ್ಟಾದರೆ ಚೀಸ್ ಬಿಡಿ. ರಾತ್ರಿಗೆ ಫ್ಲ್ಯಾಟಲ್ಲೇ ಅನ್ನ ಮಾಡಿಕೊಳ್ಳಿ. ಅಲ್ಲಿಯ ಮೊಸರು ಗಟ್ಟಿ, ಸ್ವಲ್ಪ ನೀರು ಬೆರೆಸಿದರೆ ಒಳ್ಳೇ ಮೊಸರನ್ನ. ಡಬ್ಬದ ಮೇಲೆ ಕುರಿ ಚಿತ್ರ ಇದ್ದರೆ ಬಿಡಿ, ಆ ವಾಸನೆ ಅಮ್ಮನಿಗೆ ಹಿಡಿಸಲಿಕ್ಕಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಬ್ಯಾಗಲ್ಲಿರಲಿ.

ಹೋಟೆಲಲ್ಲಿ ಊಟ ಮುಗಿದ ಮೇಲೆ ಕೇಳದೇ ಹಣ್ಣು ಅಥವಾ ಸಿಹಿ ತಂದಿಡುತ್ತಾರೆ, ಜೊತೆಗೆ ಸಣ್ಣ ಬಾಟಲಿಯಲ್ಲಿ ನೀರಿನಂತೆ ಕಾಣುವ ರಾಕಿ. ಅದು ಸಾರಾಯಿ, ಬಿಲ್ಲಿಗೆ ಸೇರಿಸಲ್ಲ. ಅಪ್ಪ ನೀರು ಅಂತ ಬಗ್ಗಿಸಿಕೊಳ್ಳುವ ಮುಂಚೆ ಬಾಟಲಿ ನಿಮ್ಮ ಕಡೆ ಎಳೆದುಕೊಳ್ಳಿ.